ಯಾವ ಊರು, ಯಾವ ನೌಕರಿ, ಯಾವ ವಿಷಯ?

ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ‘ಗೇಟ್’ ಪರೀಕ್ಷೆಯ ಫಲಿತಾಂಶ ಹೊರಬೀಳುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬಿ.ಇ. ಕೊನೆಯ ವರ್ಷದ ಮಕ್ಕಳಿರುವ ಮನೆಗಳಲ್ಲಿ ಆಗ ಮಾತು ಶುರುವಾಗುತ್ತದೆ. ‘ಬಿ.ಇ. ಮುಗೀತಲ್ಲೋ ತಮ್ಮಾ, ಮತ್ತೆಂಥಾ ಸಾಲಿ? ನೌಕರಿ ನೋಡು’ ಎಂಬುದು ಹಿರಿಯರ ಮಾತು. ಮಗಳಾದರೆ ಪ್ರಶ್ನೆ ಇನ್ನೂ ಮುಂದಕ್ಕೆ ಹೋಗುತ್ತದೆ: ‘ಇನ್ನೆರಡ ವರ್ಷ ಅಂದ್ರ ಹೆಂಗವ್ವಾ?’ ಈ ಎರಡೂ ಅಡ್ಡಿಗಳನ್ನು ದಾಟಿದವರಿಗೆ ಮೂರನೆಯದು ಎದುರಾಗುತ್ತದೆ. ಎಂ.ಟೆಕ್. ಸರಿ, ಆದರೆ ಯಾವುದರಲ್ಲಿ? ಸಿವಿಲ್ ಓದಿದವರು ಸ್ಟ್ರಕ್ಚರಲ್ ಹಿಡಿಯಬೇಕೋ, ನೀರಿನ ವಿಷಯ ಹಿಡಿಯಬೇಕೋ? ಎಲೆಕ್ಟ್ರಿಕಲ್ ಓದಿದವರು ವಿದ್ಯುತ್ ಜಾಲದ ಕಡೆಗೆ ಹೋಗಬೇಕೋ, ಕಂಪ್ಯೂಟರಿನ ಕಡೆಗೆ ಹೊರಳಬೇಕೋ?

ಇದು ಇಂದಿನ ಪ್ರಶ್ನೆಯಂತೆ ಕಂಡರೂ ಇದಕ್ಕೆ ನೂರೈವತ್ತು ವರ್ಷಗಳ ಹಿನ್ನೆಲೆಯಿದೆ. ಘಟಪ್ರಭೆಯ ದಂಡೆಯ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಆ ಇತಿಹಾಸವನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿನ ವಿದ್ಯಾರ್ಥಿಗೆ ಮೊದಲು ನಿರ್ಧಾರವಾಗುತ್ತಿದ್ದುದು ಯಾವ ಊರಿಗೆ ಹೋಗುವುದು ಎಂಬುದು, ಆಮೇಲೆ ಯಾವ ನೌಕರಿ ಎಂಬುದು. ವಿಷಯದ ಮಾತು ಬರುತ್ತಿದ್ದುದು ಮೂರನೆಯದಾಗಿ. ಬಹಳ ಸಲ ಅಷ್ಟು ಹೊತ್ತಿಗೆ ಆಯ್ಕೆಯೇ ಉಳಿದಿರುತ್ತಿರಲಿಲ್ಲ.

ಒಂದೇ ಶಾಖೆಯ ಕಾಲ

ಗೋಕಾಕದ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಆ ಬೀಳುವ ನೀರಿನ ಬಲವನ್ನು ಬಳಸಿ ನೂಲು ತೆಗೆಯುವ ಉದ್ದೇಶದಿಂದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. 1887ರ ಹೊತ್ತಿಗೆ ಗಿರಣಿ ಶುರುವಾಯಿತು. ಭಾರತದಲ್ಲಿ ಮೊದಲು ವಿದ್ಯುತ್ ಉತ್ಪಾದಿಸಿದ್ದು ಇಲ್ಲಿಯೇ, ಅದೇ 1887ರಲ್ಲಿ ಎಂದು ಪ್ರವಾಸಿ ಕೈಪಿಡಿಗಳು ಹೆಮ್ಮೆಯಿಂದ ಬರೆಯುತ್ತವೆ. ಈ ಮಾತನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಮೊದಲ ದಿನಗಳಲ್ಲಿ ಕೆಳಗಿನ ಚಕ್ರಗಳ ಬಲವನ್ನು ಹಗ್ಗಗಳ ಮೂಲಕ ಮೇಲಿನ ಗಿರಣಿಗೆ ಸಾಗಿಸಲಾಗುತ್ತಿತ್ತು. ಡಾರ್ಜಿಲಿಂಗಿನ ಜಲವಿದ್ಯುತ್ 1897ರದು, ಶಿವನಸಮುದ್ರದ್ದು 1902ರದು. ‘ಮೊದಲು ಯಾರು’ ಎಂಬ ವಾದ ಏನೇ ಇರಲಿ, ಒಂದು ಮಾತು ನಿಜ. ನೀರನ್ನು ತಿರುಗಿಸಿ ತರುವ ಕಾಲುವೆ, ಅದನ್ನು ಬಲವಾಗಿಸುವ ಚಕ್ರ, ಆ ಬಲದಿಂದ ತಿರುಗುವ ಕದಿರು ಒಂದೇ ಜಾಗದಲ್ಲಿ ಕಣ್ಣಿಗೆ ಬೀಳುವಂಥ ಊರು ಆಗ ದೇಶದಲ್ಲಿ ಬಹಳ ಇರಲಿಲ್ಲ. ಇಂದಿನ ಲೆಕ್ಕದಲ್ಲಿ ಅದು ಸಿವಿಲ್, ಮೆಕ್ಯಾನಿಕಲ್, ಟೆಕ್ಸ್‌ಟೈಲ್ ಎಂಬ ಮೂರು ಶಾಖೆಗಳು ಒಂದೇ ಬಂಡೆಯ ಮೇಲೆ ನಿಂತಂತೆ.

ಅದೇ ಕಾಲಕ್ಕೆ ಇನ್ನೊಂದು ಕೆಲಸವೂ ನಡೆದಿತ್ತು. 1876ರಿಂದ 1878ರವರೆಗಿನ ಭೀಕರ ಬರ ಬೆಳಗಾವಿ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ಆ ಬಳಿಕದ ದಶಕಗಳಲ್ಲಿ ಮುಂಬಯಿ ಸರಕಾರ ಜಲಪಾತಕ್ಕಿಂತ ಮೇಲೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಗೋಕಾಕ ಕಾಲುವೆಯನ್ನು ತೋಡಿಸಿತು. ಕಾಲುವೆ ಇಲ್ಲಿಗೆ ಬಂತು, ಆದರೆ ಕಾಲುವೆಯ ವಿದ್ಯೆ ಇಲ್ಲಿಗೆ ಬರಲಿಲ್ಲ. ಅದಿದ್ದುದು ಪುಣೆಯಲ್ಲಿ.

ಭಾರತದಲ್ಲಿ ಎಂಜಿನಿಯರಿಂಗ್ ಶಾಲೆಗಳು ಹುಟ್ಟಿದ್ದೇ ಸರಕಾರದ ಕಾಮಗಾರಿಗಳಿಗೆ ಜನ ಬೇಕೆಂದು. ಗಂಗಾ ಕಾಲುವೆಯ ಕೆಲಸಕ್ಕೆ ಆಳು ಬೇಕಾದಾಗ 1847ರಲ್ಲಿ ರೂರ್ಕಿಯ ಕಾಲೇಜು ಬಂತು. ಮುಂಬಯಿ ಪ್ರಾಂತ್ಯದ ರಸ್ತೆ, ಕಟ್ಟಡ, ಒಡ್ಡುಗಳ ಕೆಲಸಕ್ಕೆ ಕೈಕೆಳಗಿನ ಅಧಿಕಾರಿಗಳನ್ನು ತಯಾರಿಸಲು 1854ರಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ತರಗತಿ ಆರಂಭವಾಯಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆದ್ದರಿಂದ ಗೋಕಾಕ, ಹುಕ್ಕೇರಿಗಳ ಹುಡುಗನಿಗೆ ಎಂಜಿನಿಯರಿಂಗ್ ಎಂದರೆ ಪುಣೆ, ಪುಣೆ ಎಂದರೆ ಸಿವಿಲ್, ಸಿವಿಲ್ ಎಂದರೆ ಪಿ.ಡಬ್ಲ್ಯು.ಡಿ. ಮೈಸೂರು ಸಂಸ್ಥಾನದ ಸ್ಕಾಲರ್‌ಷಿಪ್ ಪಡೆದು ಅಲ್ಲಿಗೆ ಹೋದ ಎಂ. ವಿಶ್ವೇಶ್ವರಯ್ಯನವರೂ ಓದಿದ್ದು ಇದೇ ಎಲ್.ಸಿ.ಇ. 1883ರಲ್ಲಿ ಉತ್ತೀರ್ಣರಾಗಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಸೇವೆ ಸೇರಿದರು. ಯಾವ ಶಾಖೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಕೇಳಲು ಇನ್ನೊಂದು ಶಾಖೆಯೇ ಇರಲಿಲ್ಲ.

ಯಂತ್ರ ಮತ್ತು ನೂಲಿನ ವಿದ್ಯೆ ಬೇಕೆನ್ನುವವರಿಗೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ ಬಾಗಿಲು ತೆರೆದದ್ದು 1887ರಲ್ಲಿ, ಗೋಕಾಕದ ಗಿರಣಿ ಶುರುವಾದ ಕಾಲಕ್ಕೇ. ಇನ್ನೂ ಮೇಲಿನ ಓದು ಎಂದರೆ ಇಂಗ್ಲೆಂಡಿನ ಹಡಗು ಹತ್ತಬೇಕಿತ್ತು. ‘ಸ್ನಾತಕೋತ್ತರ ಎಂಜಿನಿಯರಿಂಗ್’ ಎಂಬ ಮಾತೇ ಈ ದೇಶದಲ್ಲಿ ಆಗ ಇರಲಿಲ್ಲ.

ಪುಣೆಗೆ ಹೋಗುವ ಮೊದಲು ದಾಟಬೇಕಾದ ಇನ್ನೊಂದು ಹಳ್ಳವಿತ್ತು, ಅದು ಇಂಟರ್ ಸೈನ್ಸ್. ಕನ್ನಡ ನಾಡಿನ ಈ ಭಾಗಕ್ಕೆ ಧಾರವಾಡದ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಸಾಂಗಲಿಯ ವಿಲಿಂಗ್ಡನ್ ಕಾಲೇಜು 1919ರದು. ಬೆಳಗಾವಿಗೆ ಲಿಂಗರಾಜ ಕಾಲೇಜು ಬರಲು 1933ರವರೆಗೆ ಕಾಯಬೇಕಾಯಿತು. ಅದನ್ನು ತಂದ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ್ದು. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ದಾನದಿಂದ ಅದೇ ಸಂಸ್ಥೆಯ ವಿಜ್ಞಾನ ಕಾಲೇಜು ಅವರ ಹೆಸರಿನಲ್ಲಿ ನಿಂತಿತು. ಎಂಜಿನಿಯರಿಂಗ್ ಇತಿಹಾಸ ಬರೆಯುವವರು ಇಂಥ ಕಾಲೇಜುಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು. ಹತ್ತಿರದಲ್ಲಿ ಪ್ರಯೋಗಶಾಲೆಯಿಲ್ಲದ ಊರಿನ ಹುಡುಗನಿಗೆ ಶಾಖೆಯ ಆಯ್ಕೆ ಬಹಳ ದೂರದ ಮಾತು. ಅದೇ ರಾಜಾ ಲಖಮಗೌಡರ ಹೆಸರು ಮುಂದೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೂ ಬಂತು. ಒಂದೇ ಹೆಸರು ಒಂದು ಕಡೆ ವಿಜ್ಞಾನದ ಬಾಗಿಲ ಮೇಲೆ, ಇನ್ನೊಂದು ಕಡೆ ಆ ವಿಜ್ಞಾನ ಬೇಡುವ ಕೆಲಸದ ಮೇಲೆ.

ಮುಚ್ಚಿದ ಬಾಗಿಲು, ಕಂಡ ವಿಮಾನ

ಪದವಿ ಮುಗಿಸಿದ ಮೇಲೆ ಒಂದು ವಿಷಯವನ್ನು ಆಳವಾಗಿ ಓದುವ ವ್ಯವಸ್ಥೆ ಕನ್ನಡ ನಾಡಿನಲ್ಲಿ ಶುರುವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. 1909ರಲ್ಲಿ ಸ್ಥಾಪನೆಯಾದ ಅದು 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ಇದ್ದ ವಿಭಾಗಗಳು ಬೆರಳೆಣಿಕೆಯವು. ಅವುಗಳಲ್ಲಿ ಒಂದು ಎಲೆಕ್ಟ್ರಿಕಲ್ ಟೆಕ್ನಾಲಜಿ. ಏರೋನಾಟಿಕ್ಸ್ ವಿಭಾಗ ಬಂದದ್ದು 1942ರಲ್ಲಿ, ಯುದ್ಧದ ನಡುವೆ. ಗೋಕಾಕದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟೇ ಅಲ್ಲ, ಆಗ ಅದು ಬೇರೊಂದು ಸಂಸ್ಥಾನದ ಊರು. ಆದರೂ ಅಲ್ಲಿ ಕನ್ನಡದ ಕೆಲವರು ತಮ್ಮ ವಿಷಯವನ್ನು ಹೇಗೆ ಆರಿಸಿಕೊಂಡರು ಎಂಬುದನ್ನು ಇಲ್ಲಿ ನೆನೆಯಬೇಕು. ಈ ಆಯ್ಕೆ ಎಷ್ಟು ವಿಚಿತ್ರ ದಾರಿಗಳಲ್ಲಿ ನಡೆಯುತ್ತದೆಂಬುದು ಅವರ ಬದುಕುಗಳಿಂದ ತಿಳಿಯುತ್ತದೆ.

1922ರಲ್ಲಿ ಹುಟ್ಟಿದ ರಾಜೇಶ್ವರಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರು. 1943ರ ಸುಮಾರಿಗೆ ಸಂಸ್ಥೆಗೆ ಬಂದಾಗ ಅವರಿಗೆ ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡುವ ಆಸೆ. ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಕೈಗೂಡಲಿಲ್ಲ. ಆ ಬಾಗಿಲು ಮುಚ್ಚಿದ ಮೇಲೆ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗದ ಸಂಪರ್ಕ ತಂತ್ರಜ್ಞಾನದ ಕಡೆಗೆ ಹೊರಳಿದರು. ಸರಕಾರದ ಸ್ಕಾಲರ್‌ಷಿಪ್ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಮರಳಿ, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳನ್ನು ಕಟ್ಟಿ ಬೆಳೆಸಿದರು. ರಾಜೇಶ್ವರಿ ಚಟರ್ಜಿ ಎಂದೇ ನಾಡು ಅವರನ್ನು ಬಲ್ಲದು. ಗಣಿತದಿಂದ ಎಂಜಿನಿಯರಿಂಗಿಗೆ ಬರಲು ಅವರಿಗೆ ದಾರಿ ತೋರಿಸಿದ್ದು ಒಂದು ನಿರಾಕರಣೆ.

ರೊದ್ದಂ ನರಸಿಂಹ ಅವರದು ಬೇರೆ ಬಗೆ. ತಂದೆ ಆರ್.ಎಲ್. ನರಸಿಂಹಯ್ಯ ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದು 1953ರಲ್ಲಿ. ರೈಲ್ವೆ ಸೇರು, ಇಲ್ಲವೇ ಬರ್ಮಾ ಷೆಲ್ ಕಂಪನಿ ಸೇರು ಎಂದು ಬಂಧುಗಳ ಸಲಹೆ. ಅಂದಿನ ಮಟ್ಟಿಗೆ ಅದಕ್ಕಿಂತ ಭದ್ರವಾದ ನೌಕರಿಗಳು ಇರಲಿಲ್ಲವೆಂದೇ ಹೇಳಬೇಕು. ಆದರೆ ಅವರು ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ನೋಡಿಬಿಟ್ಟಿದ್ದರು. ಏರೋನಾಟಿಕ್ಸ್ ಹಿಡಿದರು. ದೇಶದಲ್ಲಿ ಆ ವಿಷಯಕ್ಕೆ ನೌಕರಿಯೇ ವಿರಳವಾಗಿದ್ದ ಕಾಲ ಅದು.

ಮೂರನೆಯದು ಉತ್ತರ ಕರ್ನಾಟಕಕ್ಕೆ ಹತ್ತಿರದ ಕಥೆ. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿದ ಸುಧಾ ಕುಲಕರ್ಣಿ, ಮುಂದಿನ ಸುಧಾ ಮೂರ್ತಿ, ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ.ಗೆ ಆರಿಸಿಕೊಂಡದ್ದು ಕಂಪ್ಯೂಟರ್ ಸೈನ್ಸ್. 1974ರ ಹೊತ್ತಿಗೆ ಅದು ಹೊಸ ವಿಷಯ. ಮೈಸೂರಿನಲ್ಲಿ 1967ರಲ್ಲಿ ಎಲೆಕ್ಟ್ರಿಕಲ್ ಮುಗಿಸಿ ಕಾನ್ಪುರದ ಐಐಟಿಗೆ ಹೋದ ಎನ್.ಆರ್. ನಾರಾಯಣ ಮೂರ್ತಿಯವರದೂ ಇಂಥದೇ ಹೊರಳು. 1968ರ ಒಂದು ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರ ಮಾತು ಕೇಳಿ, ನೇರ ಗ್ರಂಥಾಲಯಕ್ಕೆ ಹೋಗಿ ನಾಲ್ಕೈದು ಲೇಖನ ಓದಿ ಮನಸ್ಸು ಮಾಡಿದ್ದಾಗಿ ಅವರು ಹೇಳಿಕೊಂಡಿದ್ದಾರೆ.

ಒಬ್ಬರಿಗೆ ನಿರಾಕರಣೆ, ಒಬ್ಬರಿಗೆ ವಿಮಾನ, ಒಬ್ಬರಿಗೆ ತಿಂಡಿಯ ಹೊತ್ತಿನ ಮಾತು. ಇವರೆಲ್ಲರಿಗೂ ಸಮಾನವಾದ ಅಂಶ ಒಂದಿದೆ. ವಿಷಯ ಅವರ ಕಣ್ಣಿಗೆ ಬಿದ್ದಾಗ ಅವರು ಆ ವಿಷಯ ಕಲಿಸುವ ಜಾಗದಲ್ಲಿಯೇ ಇದ್ದರು. ವಿಮಾನ ನಿಂತಿದ್ದ ಆವರಣ, ವಿಜ್ಞಾನಿ ತಿಂಡಿ ತಿನ್ನುತ್ತಿದ್ದ ಹಾಸ್ಟೆಲು ಹತ್ತಿರವಿದ್ದವು. ಘಟಪ್ರಭೆಯ ದಂಡೆಯ ಹುಡುಗನ ಕಣ್ಣೆದುರು ಗಿರಣಿ ಇತ್ತು, ಕಾಲುವೆ ಇತ್ತು. ಅವುಗಳ ಹಿಂದಿನ ವಿದ್ಯೆಯನ್ನು ಹೇಳುವ ಒಬ್ಬ ಮೇಷ್ಟ್ರು ಇರಲಿಲ್ಲ.

ಬಾಗಿಲುಗಳು ಹತ್ತಿರ ಬಂದದ್ದು

1947ರಲ್ಲಿ ಎರಡು ಕಡೆ ಬಾಗಿಲು ತೆರೆಯಿತು. ಹುಬ್ಬಳ್ಳಿಯಲ್ಲಿ ಕೆ.ಎಲ್.ಇ.ಯ ಭೂಮರಡ್ಡಿ ಕಾಲೇಜು, ಸಾಂಗಲಿಯಲ್ಲಿ ಮುಂದೆ ವಾಲ್‌ಚಂದ್ ಎಂಬ ಹೆಸರು ಪಡೆದ ಕಾಲೇಜು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಪುಣೆಯ ಕಡೆಗಿದ್ದ ಮುಖ ಬೆಂಗಳೂರಿನ ಕಡೆಗೆ ತಿರುಗಿತು. ಪೂರ್ತಿಯಾಗಿ ತಿರುಗಿತೆಂದಲ್ಲ, ಗಡಿಯ ಈ ತಾಲ್ಲೂಕುಗಳಿಂದ ಕೊಲ್ಲಾಪುರ, ಸಾಂಗಲಿ, ಪುಣೆಗಳಿಗೆ ಹೋಗುವವರು ಇಂದಿಗೂ ಇದ್ದಾರೆ. 1960ರಲ್ಲಿ ಸುರತ್ಕಲ್, 1963ರಲ್ಲಿ ಬಾಗಲಕೋಟೆ, 1979ರಲ್ಲಿ ಬೆಳಗಾವಿಯ ಗೋಗಟೆ ಕಾಲೇಜು. 1996ರಲ್ಲಿ ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿಯೇ ಹಿರಾಶುಗರ್ ತಾಂತ್ರಿಕ ವಿದ್ಯಾಲಯ ಬಂತು. ಹೆಸರಿನಲ್ಲೇ ಸಕ್ಕರೆ ಇರುವ ಎಂಜಿನಿಯರಿಂಗ್ ಕಾಲೇಜು ಇದು! ಕೊನೆಗೆ 1998ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ನೆಲೆಗೊಂಡಿತು. ಒಂದು ಕಾಲಕ್ಕೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪುಣೆಗೆ ಹೋಗಬೇಕಿದ್ದ ಜಿಲ್ಲೆಯಿಂದಲೇ ಈಗ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಪದವಿಗಳು ಹೊರಡುತ್ತವೆ.

ಸ್ನಾತಕೋತ್ತರ ಶಿಕ್ಷಣಕ್ಕೂ ಒಂದು ರೂಪ ಬಂದದ್ದು ಈ ಅವಧಿಯಲ್ಲಿಯೇ. ಖರಗಪುರದಲ್ಲಿ 1951ರಲ್ಲಿ ಮೊದಲ ಐಐಟಿ ತೆರೆಯಿತು. ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ವಿದ್ಯುತ್ ತಜ್ಞ ಎಂ.ಎಸ್. ಥ್ಯಾಕರ್ ಅವರ ಅಧ್ಯಕ್ಷತೆಯ ಸಮಿತಿ 1960ರ ದಶಕದ ಆರಂಭದಲ್ಲಿ ಸ್ನಾತಕೋತ್ತರ ಎಂಜಿನಿಯರಿಂಗ್ ಹೇಗಿರಬೇಕೆಂದು ವರದಿ ಕೊಟ್ಟಿತು. 1983-84ರಲ್ಲಿ ‘ಗೇಟ್’ ಬಂತು. ಅದಕ್ಕೂ ಮೊದಲು ಒಂದೊಂದು ಸಂಸ್ಥೆಗೂ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು. ಗೋಕಾಕದ ಹುಡುಗನಿಗೆ ಇದು ಸಣ್ಣ ಅನುಕೂಲವಲ್ಲ. ಒಂದೇ ಪರೀಕ್ಷೆ, ದೇಶದ ಎಲ್ಲ ದೊಡ್ಡ ಸಂಸ್ಥೆಗಳ ಕಡೆಗೂ ಕಿಟಕಿ, ಮೇಲಾಗಿ ತಿಂಗಳ ವಿದ್ಯಾರ್ಥಿವೇತನ. ಆ ವೇತನ 12,400 ರೂಪಾಯಿಗೆ ಬಂದು ಬಹಳ ವರ್ಷ ಅಲ್ಲಿಯೇ ನಿಂತಿತ್ತು. ಹಾಸ್ಟೆಲಿನ ಖರ್ಚು ಮಾತ್ರ ಹಾಗೆ ನಿಂತಿಲ್ಲ.

ಬಾಗಿಲು ಹತ್ತಿರ ಬಂದಮೇಲೆ ಆಯ್ಕೆ ವಿಷಯದ ಮೇಲೆ ನಡೆಯಬೇಕಿತ್ತು. ನಡೆದದ್ದು ಹೆಚ್ಚಾಗಿ ನೌಕರಿಯ ಮೇಲೆ. ಸಿವಿಲ್‌ನಲ್ಲಿ ಎಲ್ಲರಿಗೂ ಸ್ಟ್ರಕ್ಚರಲ್ ಬೇಕು, ಏಕೆಂದರೆ ಕಟ್ಟಡ ಎಲ್ಲ ಊರಲ್ಲೂ ಏಳುತ್ತದೆ. ಮೆಕ್ಯಾನಿಕಲ್‌ನಲ್ಲಿ ಮಷಿನ್ ಡಿಸೈನ್, ಥರ್ಮಲ್ ಪವರ್. ಎಲೆಕ್ಟ್ರಾನಿಕ್ಸ್‌ನಲ್ಲಿ ಮೊದಲು ಡಿಜಿಟಲ್, ಆಮೇಲೆ ವಿಎಲ್‌ಎಸ್‌ಐ. ಹೊಸ ಸಹಸ್ರಮಾನದ ಹೊತ್ತಿಗೆ ಎಲ್ಲ ಶಾಖೆಯವರಿಗೂ ಕಂಪ್ಯೂಟರ್. ನಡುವೆ ಇನ್ನೊಂದು ಅಲೆ ಬಂದು ಹೋಯಿತು. ಕಾಲೇಜಿನಲ್ಲಿ ಪಾಠ ಹೇಳಲು ಎಂ.ಟೆಕ್. ಕಡ್ಡಾಯವೆಂದಾದಾಗ ರಾಜ್ಯದ ಖಾಸಗಿ ಕಾಲೇಜುಗಳು ಸಾಲುಗಟ್ಟಿ ಎಂ.ಟೆಕ್. ತೆರೆದವು, ಹತ್ತಿರದ ಕಾಲೇಜಿನಲ್ಲಿ ಯಾವುದಿದೆಯೋ ಅದನ್ನೇ ಜನ ಓದಿದರು. ಅಲೆ ಇಳಿದಾಗ ಸೀಟುಗಳು ಖಾಲಿ ಬಿದ್ದವು. ‘ಗೇಟ್’ ಅಂಕದ ಮೇಲೆ ಸರಕಾರಿ ಕಂಪನಿಗಳು ನೇರ ನೌಕರಿ ಕೊಡತೊಡಗಿದ ಮೇಲಂತೂ ಓದುವ ಆಸೆಯೇ ಇಲ್ಲದೆ ಆ ಪರೀಕ್ಷೆ ಬರೆಯುವವರೂ ಬಹಳ.

ಇದನ್ನು ತಪ್ಪೆನ್ನುವುದು ಸುಲಭ. ಆದರೆ ಕಬ್ಬಿನ ಬಿಲ್ಲಿಗೆ ಕಾಯುತ್ತ ಕುಳಿತ ಮನೆಯಲ್ಲಿ ಎರಡು ವರ್ಷ ಎಂದರೆ ಬರೀ ಎರಡು ವರ್ಷವಲ್ಲ. ಬಿ.ಇ. ಶಿಕ್ಷಣದ ಸಾಲವಿರುತ್ತದೆ, ಮದುವೆಗೆ ಬಂದ ತಂಗಿ ಇರುತ್ತಾಳೆ. ಅಂಥ ಮನೆಯ ಮಗ ಸ್ಟ್ರಕ್ಚರಲ್ ಬಿಟ್ಟು ಜಲವಿಜ್ಞಾನ ಹಿಡಿಯುತ್ತೇನೆಂದರೆ ಅಪ್ಪ ಕೇಳುವ ಪ್ರಶ್ನೆ ನ್ಯಾಯವಾದದ್ದೇ.

ಹಿತ್ತಲ ಗಿಡ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈ ಮೂರು ತಾಲ್ಲೂಕುಗಳ ಎಂಜಿನಿಯರಿಂಗ್‌ಗೆ ಹೊಂದುವಷ್ಟು ಬೇರೆಡೆ ಹೊಂದಲಾರದು.

ಮೊದಲು ನೆಲವನ್ನೇ ನೋಡೋಣ. ಘಟಪ್ರಭಾ, ಮಲಪ್ರಭಾ ಬಯಲಿನಲ್ಲಿ ಎರೆ ಭೂಮಿ ಬಹಳ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ರೈತನಿಗೆ ಇದು ಹುಟ್ಟಿನಿಂದ ಗೊತ್ತು. ಕಾಲುವೆ ಕಟ್ಟುವ ಎಂಜಿನಿಯರಿಗೆ ಇದೇ ದೊಡ್ಡ ತಲೆನೋವು. ಕಾಲುವೆಗೆ ಕಾಂಕ್ರೀಟಿನ ಹೊದಿಕೆ ಹಾಕಿ ನೀರು ಬಿಟ್ಟರೆ ಹಿಂದಿನ ಎರೆಮಣ್ಣು ನೀರು ಕುಡಿದು ಉಬ್ಬಿ ಹೊದಿಕೆಯನ್ನೇ ಎತ್ತಿ ಒಡೆಯುತ್ತದೆ. ಹೊದಿಕೆಯನ್ನು ದಪ್ಪ ಮಾಡುವುದು ಇದಕ್ಕೆ ಪರಿಹಾರವಲ್ಲ. ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಅವರು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಎರೆಮಣ್ಣಿಗೂ ಹೊದಿಕೆಗೂ ನಡುವೆ, ಅಂಟುಗುಣವಿದ್ದರೂ ಉಬ್ಬದಂಥ ಮಣ್ಣಿನ ಒಂದು ಪದರ ಹಾಕಿದರೆ ಕೆಳಗಿನ ಉಬ್ಬರ ಅಲ್ಲಿಯೇ ತಡೆಯುತ್ತದೆ ಎಂದು ತೋರಿಸಿಕೊಟ್ಟರು. ಮೇಲೆ ಭಾರ ಹೇರಿ ಒತ್ತಿ ಹಿಡಿಯುವುದಕ್ಕಿಂತ ಇದು ಬೇರೆ ಬಗೆಯ ಉಪಾಯ. ಪಕ್ಕದ ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಇದು ಬಳಕೆಗೂ ಬಂತು. ಎರೆಮಣ್ಣಿನ ಸಮಸ್ಯೆ ಕುರಿತ ಅವರ ಉಪನ್ಯಾಸ 1970ರ ದಶಕದ ಕೊನೆಯಲ್ಲಿ ಪ್ರಕಟವಾಯಿತು. ಜಿಯೋಟೆಕ್ನಿಕಲ್ ಎಂ.ಟೆಕ್. ಮಾಡುವವರು ಇಂದಿಗೂ ಅದನ್ನು ಓದುತ್ತಾರೆ. ಈ ಕಡೆಯ ರೈತನ ಹೊಲದ ಮಣ್ಣು ದೇಶದ ಸ್ನಾತಕೋತ್ತರ ತರಗತಿಯ ಪಾಠವಾದದ್ದು ಹೀಗೆ. ಅದೇ ಹೊಲದ ಮಕ್ಕಳಲ್ಲಿ ಜಿಯೋಟೆಕ್ನಿಕಲ್ ಹಿಡಿಯುವವರು ಮಾತ್ರ ಕಡಿಮೆ.

ಎರಡನೆಯದು ನೀರು. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಅದರ ಬುಡದಲ್ಲಿ 32 ಮೆಗಾವಾಟ್ ವಿದ್ಯುದಾಗಾರವಿದೆ. ನೀರಾವರಿಯಿಂದ ಕಬ್ಬು ಬಂತು, ಕಬ್ಬಿನ ಜೊತೆ ದುಡ್ಡು ಬಂತು, ಹೆಚ್ಚು ನೀರುಂಡ ಹೊಲಗಳಿಗೆ ಸವಳು-ಜವಳೂ ಬಂತು. ನೀರು ತರುವ ವಿದ್ಯೆಯಷ್ಟೇ ನೀರು ಹೊರಹಾಕುವ ವಿದ್ಯೆಯೂ ಬೇಕೆಂದು ಜನರಿಗೆ ಆಗ ಅರಿವಾಯಿತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಒಟ್ಟಿಗೆ ಉಕ್ಕಿದಾಗ ಗೋಕಾಕದ ಓಣಿಗಳು ಮುಳುಗಿದವು. 2024ರ ಜುಲೈನಲ್ಲಿ ಲೋಳಸೂರ ಸೇತುವೆಯ ಮೇಲೆ ಮತ್ತೆ ನೀರು ಬಂತು. ಮೇಲೆ ಎಷ್ಟು ಮಳೆಯಾದರೆ ಎಷ್ಟು ಗಂಟೆಗೆ ಎಷ್ಟು ನೀರು ಬರುತ್ತದೆ, ಜಲಾಶಯದ ಗೇಟನ್ನು ಯಾವಾಗ, ಎಷ್ಟು ತೆರೆಯಬೇಕು ಎಂಬ ಲೆಕ್ಕವೇ ಜಲವಿಜ್ಞಾನ ಎಂಬ ವಿಷಯ. ರೂರ್ಕಿಯಲ್ಲಿ ಇದಕ್ಕೆ 1972ರಿಂದ ಪ್ರತ್ಯೇಕ ವಿಭಾಗವಿದೆ. ಸುರತ್ಕಲ್‌ನಲ್ಲಿಯೂ ನೀರಿನ ಎಂಜಿನಿಯರಿಂಗ್ ಕಲಿಸುತ್ತಾರೆ.

ಮೂರನೆಯದು ಹುಕ್ಕೇರಿಯ ವಿದ್ಯುತ್ತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದಾಗ ದೇಶದಲ್ಲಿ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳ ಪ್ರಯೋಗ ನಡೆಯಿತು. ಆಂಧ್ರದ ಸಿರ್ಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ, ಕರ್ನಾಟಕದ ಹುಕ್ಕೇರಿ. ಮುಳಾ-ಪ್ರವರಾ ಸಂಘ 2011ರಲ್ಲಿ ಕೈಬಿಟ್ಟು ಹೋಯಿತು. ಹುಕ್ಕೇರಿಯದು ಉಳಿಯಿತು, ರಾಜ್ಯದಲ್ಲಿ ಅಂಥದು ಅದೊಂದೇ. ಸಗಟಾಗಿ ವಿದ್ಯುತ್ ಕೊಂಡು ತನ್ನದೇ ತಂತಿಗಳ ಮೇಲೆ ಹಳ್ಳಿಹಳ್ಳಿಗೆ ಹಂಚುವ ಸಂಘ ಇದು. ಯಾವ ಫೀಡರಿನಲ್ಲಿ ಎಷ್ಟು ಸೋರಿಕೆ, ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದರೆ ಟಿ.ಸಿ. ಏಕೆ ಸುಡುತ್ತದೆ, ಸಾಲಿನ ಕೊನೆಯ ಮನೆಗೆ ವೋಲ್ಟೇಜು ಏಕೆ ಮುಟ್ಟುವುದಿಲ್ಲ? ಇವೆಲ್ಲ ಪವರ್ ಸಿಸ್ಟಮ್ಸ್ ಎಂ.ಟೆಕ್. ಓದುವವರ ದಿನನಿತ್ಯದ ಲೆಕ್ಕಗಳು. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಕಂಪ್ಯೂಟರಿನೊಳಗೆ ಒಂದು ಕಲ್ಪಿತ ಜಾಲ ಕಟ್ಟಿಕೊಳ್ಳುತ್ತಾರೆ. ಹುಕ್ಕೇರಿಯಲ್ಲಿ ಅದು ಕಂಬದ ಮೇಲೆಯೇ ಇದೆ.

ನಾಲ್ಕನೆಯದು ಸಕ್ಕರೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಮೊದಲ್ಗೊಂಡು, 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯ ಸೀಮೆಯವರೆಗೆ ಕಾರ್ಖಾನೆಗಳ ಹೊಗೆಗೊಳವೆಗಳು ಕಾಣುತ್ತವೆ. ಸಕ್ಕರೆ ತಂತ್ರಜ್ಞಾನ ಕಲಿಯಲು ಕಾನ್ಪುರದಲ್ಲಿ 1936ರಷ್ಟು ಹಿಂದೆಯೇ ರಾಷ್ಟ್ರೀಯ ಸಂಸ್ಥೆ ಆರಂಭವಾಗಿದೆ. ಪುಣೆ ಬಳಿಯ ವಸಂತದಾದಾ ಸಕ್ಕರೆ ಸಂಸ್ಥೆ 1975ರದು. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಇದು ಬರೀ ರಸಾಯನದ ಮಾತಲ್ಲ. ಕಬ್ಬಿನ ಸಿಪ್ಪೆ ಸುಟ್ಟು ಹಬೆ, ಹಬೆಯಿಂದ ವಿದ್ಯುತ್ತು, ಉಳಿದ ಕಾಕಂಬಿಯಿಂದ ಎಥೆನಾಲ್. ಬಾಯ್ಲರಿನ ಒತ್ತಡ ಹೆಚ್ಚಿದಷ್ಟೂ ಅದೇ ಸಿಪ್ಪೆಯಿಂದ ಹೆಚ್ಚು ವಿದ್ಯುತ್ ಬರುತ್ತದೆ. ಥರ್ಮಲ್ ಎಂ.ಟೆಕ್. ಮಾಡಿದವರಿಗೆ ಇದಕ್ಕಿಂತ ಹತ್ತಿರದ ಪ್ರಯೋಗಶಾಲೆ ಬೇಕಿಲ್ಲ.

ಹಾಗೆಂದು ಊರಿನ ಎಲ್ಲ ಮಕ್ಕಳೂ ಮಣ್ಣು, ನೀರು, ಸಕ್ಕರೆಯನ್ನೇ ಓದಬೇಕೆಂಬುದು ಮೂರ್ಖತನವಾದೀತು. ನರಸಿಂಹ ಅವರು ಬಂಧುಗಳ ಮಾತು ಕೇಳಿ ರೈಲ್ವೆ ಸೇರಿದ್ದರೆ ನಷ್ಟ ಯಾರದು? ಕಂಪ್ಯೂಟರೂ ಈಗ ನೀರಿನ ಲೆಕ್ಕದ ಒಳಗೇ ಬಂದು ಕೂತಿದೆ. 2024ರಲ್ಲಿ ‘ಗೇಟ್’ ಪರೀಕ್ಷೆಗೆ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆಯೇ ಸೇರಿತು. 2021ರಿಂದ ಒಬ್ಬರೇ ಎರಡು ಪತ್ರಿಕೆ ಬರೆಯುವ ಅವಕಾಶವೂ ಇದೆ. ಸಿವಿಲ್ ಹುಡುಗ ಎರಡು ದೋಣಿಯಲ್ಲಿ ಕಾಲಿಡಬಹುದು, ಈ ಸಲ ಅದಕ್ಕೆ ನಿಯಮದ ಒಪ್ಪಿಗೆಯೂ ಇದೆ.

ವಿಷಯದಷ್ಟೇ ಮುಖ್ಯವಾದ ಇನ್ನೊಂದು ಆಯ್ಕೆಯಿದೆ, ಅದರ ಬಗ್ಗೆ ಊರುಗಳಲ್ಲಿ ಮಾತೇ ಇಲ್ಲ. ಎರಡು ವರ್ಷ ತರಗತಿಯ ಪಾಠ, ಕೊನೆಗೊಂದು ಪ್ರಾಜೆಕ್ಟು ಎಂಬ ಸಾಮಾನ್ಯ ಎಂ.ಟೆಕ್. ಒಂದು ಬಗೆ. ಪಾಠ ಕಡಿಮೆ, ಒಬ್ಬ ಮಾರ್ಗದರ್ಶಕರ ಕೈಕೆಳಗೆ ಒಂದೇ ಸಮಸ್ಯೆ ಹಿಡಿದು ಕೂರುವ ಸಂಶೋಧನಾ ಎಂ.ಟೆಕ್. ಅಥವಾ ಎಂ.ಎಸ್. ಇನ್ನೊಂದು ಬಗೆ. ಎರಡನೆಯದಕ್ಕೆ ಸಾಮಾನ್ಯವಾಗಿ ಸಂದರ್ಶನವಿರುತ್ತದೆ, ಹೆಚ್ಚು ಸಮಯವೂ ಹಿಡಿಯುತ್ತದೆ. ‘ಗೇಟ್’ ಅಂಕ ಸ್ವಲ್ಪ ಕಡಿಮೆ ಬಂದು ಒಂದು ಸಮಸ್ಯೆಯ ಹುಚ್ಚು ಹಿಡಿದವರಿಗೆ ಅಲ್ಲಿ ಜಾಗ ಸಿಕ್ಕ ಉದಾಹರಣೆಗಳಿವೆ. ಟಿ.ಸಿ. ಸುಡುವುದನ್ನು, ಕಾಲುವೆಯ ಹೊದಿಕೆ ಒಡೆಯುವುದನ್ನು ಕಣ್ಣಾರೆ ಕಂಡವರು ಆ ಸಂದರ್ಶನದಲ್ಲಿ ಹೇಳಲು ಏನಾದರೂ ಇಟ್ಟುಕೊಂಡಿರುತ್ತಾರೆ.

ಐಐಟಿಗಳು ಮತ್ತು ವಿಜ್ಞಾನ ಸಂಸ್ಥೆ ಈಗ ಸೀಟು ಹಂಚುವುದು ಒಂದು ಸಾಮಾನ್ಯ ಜಾಲತಾಣದ ಮೂಲಕ. ಸುತ್ತುಸುತ್ತಾಗಿ ಸೀಟು ಬರುತ್ತದೆ. ಬಂದಾಗ ಪರದೆಯ ಮೇಲೆ ಮೂರು ಆಯ್ಕೆ: ಒಪ್ಪಿ ಮುಗಿಸುವುದು, ಇಟ್ಟುಕೊಂಡು ಕಾಯುವುದು, ಬಿಟ್ಟು ಕಾಯುವುದು. ಸ್ಟ್ರಕ್ಚರಲ್ ಕೇಳಿದವನಿಗೆ ಮೊದಲ ಸುತ್ತಿನಲ್ಲಿ ಜಲವಿಜ್ಞಾನ ಬಂದಿರಬಹುದು, ದೂರದ ರೂರ್ಕಿಯಲ್ಲಿ. ಯಾವುದಾದರೂ ಒಂದನ್ನು ಒತ್ತಲು ಕೆಲವೇ ದಿನಗಳ ಗಡುವು ಇರುತ್ತದೆ.